ನಮ್ಮತ್ತೆಯ ಎತ್ತರ

ಮೇಲಿನ ತಟ್ಟೆಗೆ ಕೈ ಚಾಚಿದರೆ ಅವರ ಹಸಿರು ಗಾಜಿನ ಬಳೆಗಳೆಲ್ಲ ಒಟ್ಟಿಗೆ ಜಾರಿ ಮೊಣಕೈಗೆ ಬಂದು ನಿಲ್ಲುತ್ತಿದ್ದವು. ರೇಷ್ಮೆಹುಳು ಸಾಕುವ ಕೋಣೆಯಲ್ಲಿ ಸ್ಟ್ಯಾಂಡಿನ ಮೇಲೆ ಒಂದರ ಮೇಲೊಂದು ಜೋಡಿಸಿದ ಬಿದಿರಿನ ತಟ್ಟೆಗಳು. ತೀರ ಮೇಲಿನದಕ್ಕೆ ಸೊಪ್ಪು ಹಾಕಲು ನಮ್ಮ ಮನೆಯ ಗಂಡಸರೂ ಸ್ಟೂಲ್ ಎಳೆದುಕೊಳ್ಳಬೇಕಿತ್ತು. ನಮ್ಮತ್ತೆ ನೆಲದ ಮೇಲೆ ನಿಂತೇ ಹಾಕುತ್ತಿದ್ದರು. ಜಂಗಮಕೋಟೆ ಸುತ್ತಮುತ್ತ ಅಷ್ಟು ಎತ್ತರದ ಹೆಂಗಸು ಇನ್ನೊಬ್ಬರಿರಲಿಲ್ಲ. ಮಾವನವರು ಅವರ ಕಿವಿಯವರೆಗೆ ಬರುತ್ತಿದ್ದರು. ಗೋಡೆಯ ಮೇಲಿನ ಮದುವೆಯ ಫೋಟೋದಲ್ಲಿ ಮಾವ ನಿಂತಿದ್ದಾರೆ, ಅತ್ತೆ ಕುರ್ಚಿಯಲ್ಲಿ ಕೂತಿದ್ದಾರೆ. ಫೋಟೋ ತೆಗೆಯುವವನೇ ಹಾಗೆ ಕೂರಿಸಿದನಂತೆ.

ನಾನು ಕುಳ್ಳಿ. ನನ್ನನ್ನು ನೋಡಲು ಚಿಂತಾಮಣಿ ಪಕ್ಕದ ನಮ್ಮೂರಿಗೆ ಅವರು ಬಂದಾಗ, ಜೊತೆಗೆ ಬಂದಿದ್ದ ನೆಂಟರ ಹೆಂಗಸೊಬ್ಬರು, ನನಗೂ ಕೇಳಿಸುವ ಹಾಗೆ, "ಹುಡುಗಿ ತೀರಾ ಕುಳ್ಳಲ್ವಾ?" ಎಂದರು. ನಮ್ಮಮ್ಮನ ಮುಖ ಸಣ್ಣಗಾಯಿತು. ಅತ್ತೆ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, "ನಾವು ಹೆಣ್ಣು ನೋಡಕ್ಕೆ ಬಂದಿದೀವಾ, ಏಣಿ ಕೊಂಡ್ಕೊಳ್ಳಕ್ಕೆ ಬಂದಿದೀವಾ?" ಎಂದು ಕೇಳಿದರು. ಎಲ್ಲರೂ ನಕ್ಕುಬಿಟ್ಟರು. ನನ್ನ ಮದುವೆ ಅಲ್ಲೇ ನಿಶ್ಚಯವಾಯಿತು ಎಂದು ನಾನು ಈಗಲೂ ಹೇಳುತ್ತೇನೆ.

ಅವರು ಕಾಫಿಯನ್ನು ನಿಂತೇ ಕುಡಿಯುತ್ತಿದ್ದರು. ಕೂತರೆ ಏಳುವುದಕ್ಕೆ ಮನಸ್ಸಾಗುವುದಿಲ್ಲವಂತೆ. ಬೆಲ್ಲ, ಕಡಲೆಕಾಯಿ, ಹುರಿಗಡಲೆ ಎಲ್ಲವನ್ನೂ ಮಕ್ಕಳ ಕೈಗೆ ಸಿಗಬಾರದೆಂದು ಅಡುಗೆಮನೆಯ ಮೇಲಿನ ಹಲಗೆಯ ಮೇಲೆ ಇಡುತ್ತಿದ್ದರು. ನನ್ನ ಕೈಗೂ ಅವು ಸಿಗುತ್ತಿರಲಿಲ್ಲ. "ಅತ್ತೆ, ಬೆಲ್ಲ" ಎಂದು ಕೂಗಿದರೆ ಬಂದು ಡಬ್ಬ ಇಳಿಸಿ, ಮೊದಲು ಒಂದು ಚೂರು ಮುರಿದು ನನ್ನ ಬಾಯಿಗೆ ಹಾಕಿ, "ಇದು ನಿನ್ನ ಕೂಲಿ" ಎನ್ನುತ್ತಿದ್ದರು. ಪಟ್ಟಣದ ಕಚೇರಿಯಲ್ಲಿ ನನಗೆ ಕೆಲಸ ಸಿಕ್ಕಿದ ಮೇಲೂ ಈ ಕೂಲಿ ನಿಲ್ಲಲಿಲ್ಲ.

ನನಗೆ ನಲವತ್ತು ತುಂಬುವ ಮೊದಲೇ ರಕ್ತಸ್ರಾವ ಹೆಚ್ಚಾಗಿ ಗರ್ಭಕೋಶ ತೆಗೆಸಬೇಕಾಯಿತು. ಅದರ ಜೊತೆ ಅಂಡಾಶಯವನ್ನೂ ತೆಗೆದರು. ಆ ದಿನಗಳಲ್ಲಿ ಅತ್ತೆ ನನ್ನನ್ನು ಬಾಣಂತಿಯಂತೆ ನೋಡಿಕೊಂಡರು. ಒಂದು ಚೊಂಬು ನೀರು ಎತ್ತಲೂ ಬಿಡಲಿಲ್ಲ. ಹುಷಾರಾಗಿ ಮತ್ತೆ ಕೆಲಸಕ್ಕೆ ಹೋಗತೊಡಗಿದೆ. ಆ ಮಾತು ಅಲ್ಲಿಗೆ ಮುಗಿಯಿತೆಂದುಕೊಂಡೆ.

ಕೆಲವು ವರ್ಷಗಳ ನಂತರ ಅತ್ತೆ ಮನೆಯವರ ಮೇಲೆಲ್ಲ ಒಂದು ವಿಚಿತ್ರವಾದ ಆರೋಪ ಹೊರಿಸತೊಡಗಿದರು. "ಯಾಕೋ ಸ್ಟ್ಯಾಂಡ್ ಎತ್ತರ ಮಾಡಿದೀಯಾ?" ಎಂದು ಮಗನನ್ನು ಗದರಿದರು.

"ಯಾರೂ ಮುಟ್ಟಿಲ್ಲಮ್ಮ. ಮೊದಲಿದ್ದಂಗೇ ಐತೆ."

"ಹಂಗಾದ್ರೆ ನನ್ನ ಕೈ ಯಾಕೆ ಎಟುಕ್ತಿಲ್ಲ?"

ಆಮೇಲೆ ಸೀರೆ ಅಂಗಡಿಯವರ ಸರದಿ ಬಂತು. ಈಗ ಸೀರೆಯ ಅಗಲ ಜಾಸ್ತಿ ಮಾಡಿಬಿಟ್ಟಿದ್ದಾರೆ, ನೆರಿಗೆಯೆಲ್ಲ ಕಾಲಿಗೆ ಸಿಗುತ್ತದೆ ಎಂದು ದೂರು. ನಾವೆಲ್ಲ ನಗುತ್ತಿದ್ದೆವು, ಅವರೂ ನಗುತ್ತಿದ್ದರು. ವಯಸ್ಸಾದರೆ ಬೆನ್ನು ಬಾಗುತ್ತದೆ, ಅದರಲ್ಲೇನು ಎಂದು ಎಲ್ಲರ ಹಾಗೆ ನಾನೂ ಅಂದುಕೊಂಡಿದ್ದೆ.

ಗೌರಿಬಿದನೂರಿನಲ್ಲಿ ಅವರ ತಮ್ಮನ ಮೊಮ್ಮಗಳ ಮದುವೆ ಗೊತ್ತಾಯಿತು. ತವರಿನ ಮದುವೆ ಎಂದರೆ ವಾರದ ಮೊದಲೇ ಹೊರಡುತ್ತಿದ್ದವರು, ಈ ಸಲ "ನಾನು ಬರಲ್ಲ, ನೀವು ಹೋಗ್ಬನ್ನಿ" ಎಂದುಬಿಟ್ಟರು. ಎಷ್ಟು ಕೇಳಿದರೂ ಕಾರಣ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಕಾಫಿ ತೆಗೆದುಕೊಂಡು ಅವರ ಕೋಣೆಗೆ ಹೋದೆ. ಅತ್ತೆ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ಹಿಮ್ಮಡಿ ಗೋಡೆಗೆ ತಾಗಿತ್ತು, ತಲೆ ಮಾತ್ರ ತಾಗುತ್ತಿರಲಿಲ್ಲ. ಕಣ್ಣು ಮುಚ್ಚಿ, ಹಲ್ಲು ಕಚ್ಚಿ ತಲೆಯನ್ನು ಹಿಂದಕ್ಕೆ ಒತ್ತುತ್ತಿದ್ದರು. ನನ್ನನ್ನು ಕಂಡು ಮಂಚದ ಮೇಲೆ ಕೂತುಬಿಟ್ಟರು.

"ನನ್ನ ತವರಲ್ಲಿ ನನ್ನ ಹೆಸರು ಹಿಡಿದು ಕರೆಯೋರೇ ಇಲ್ಲ ಕಣಮ್ಮ. ಉದ್ದಕ್ಕ, ಉದ್ದಕ್ಕ ಅಂತಾನೇ ಕರೀತಾರೆ. ಹಿಂಗೆ ಹೆಂಗೆ ಹೋಗಿ ನಿಂತ್ಕೊಳ್ಳಲಿ?"

ಅವರ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. ಆ ದಿನವೇ ರಜೆ ಹಾಕಿ ಅವರನ್ನು ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋದೆ.

ಮೂಳೆ ಡಾಕ್ಟರು ಎಕ್ಸ್‌ರೇ ತೆಗೆಸಿ, ಬೆಳಕಿಗೆ ಹಿಡಿದು ನಮಗೂ ತೋರಿಸಿದರು. "ಬೆನ್ನುಮೂಳೆ ಒಂದೇ ಕೋಲಲ್ಲಮ್ಮ. ಸಣ್ಣ ಸಣ್ಣ ಮೂಳೆ, ನಡುವೆ ಮೆತ್ತೆ ಇಟ್ಟಂಗೆ ಇರುತ್ತೆ. ವಯಸ್ಸಾಗ್ತಾ ಮೆತ್ತೆಯಲ್ಲಿರೋ ನೀರು ಕಡಿಮೆಯಾಗಿ ತೆಳ್ಳಗಾಗುತ್ತೆ. ಅದಕ್ಕೇ ಗಂಡಸರು, ಹೆಂಗಸರು, ಎಲ್ಲರೂ ಸ್ವಲ್ಪ ಇಳೀತಾರೆ. ಆದರೆ ನಿಮ್ಮದು ಅಷ್ಟೇ ಅಲ್ಲ. ಮೂಳೇನೇ ಟೊಳ್ಳಾಗಿ ಎರಡು ಕಡೆ ಕುಸಿದಿದೆ. ಎಲ್ಲಾದ್ರೂ ಬಿದ್ದಿದ್ರಾ?"

"ಬಿದ್ದಿಲ್ಲ ಸಾಮಿ. ಸೊಪ್ಪಿನ ಹೊರೆ ಎತ್ತುವಾಗ ಬೆನ್ನು ಚುಳ್ ಅಂದಿತ್ತು. ಎಣ್ಣೆ ಹಚ್ಕೊಂಡು ಸುಮ್ಮನಾದೆ."

"ಅವತ್ತೇ ಮುರಿದಿರೋದು."

"ಅಯ್ಯೋ ದೇವುಡಾ, ಮುರಿದ ಬೆನ್ನಲ್ಲೇ ಎರಡು ಬೆಳೆ ರೇಷ್ಮೆ ಗೂಡು ತೆಗೆದಿದೀನಲ್ಲ" ಎಂದರು ಅತ್ತೆ. ಆಮೇಲೆ, "ಹೋದ ಎತ್ತರ ಬರುತ್ತಾ?" ಎಂದು ಕೇಳಿದರು.

"ಬರಲ್ಲಮ್ಮ. ಇನ್ನೂ ಇಳಿಯದ ಹಾಗೆ ನೋಡ್ಕೋಬಹುದು. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತೆ. ಮೊದಲೇ ಬಂದಿದ್ರೆ ಚೆನ್ನಾಗಿತ್ತು."

ನಾನು ಚೀಟಿ ತೆಗೆದುಕೊಂಡು ಎದ್ದೆ. ಅತ್ತೆ ಏಳಲಿಲ್ಲ.

"ನನ್ನದು ಬಿಡಿ ಸಾಮಿ, ಮುಗಿದಿದ್ದು. ನನ್ನ ಸೊಸೆಗೆ ಚಿಕ್ಕ ವಯಸ್ಸಲ್ಲೇ ಆಪರೇಷನ್ ಮಾಡಿ ಎಲ್ಲಾ ತೆಗೆದವ್ರೆ. ಮುಟ್ಟು ನಿಂತು ವರ್ಷಗಳಾದವು. ಇವಳ ಮೂಳೆ ನೋಡಿ."

"ಅತ್ತೆ, ನನಗೇನೂ ಆಗಿಲ್ಲ" ಎಂದೆ.

"ನನಗೂ ಏನೂ ಆಗಿರಲಿಲ್ಲ. ಕೂತ್ಕೋ."

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. ಅಂಡಾಶಯ ತೆಗೆದಿದ್ದಾರಾ ಎಂದು ಕೇಳಿ, ಸ್ಕ್ಯಾನ್ ಬರೆದುಕೊಟ್ಟರು. ಫಲಿತಾಂಶ ಬಂತು. ಆ ವಯಸ್ಸಿಗೇ ನನ್ನ ಮೂಳೆಗಳು ಮುದುಕಿಯ ಮೂಳೆಗಳಾಗಿದ್ದವು. ಮುರಿಯಲು ಒಂದು ಸಲ ಜಾರಿ ಬಿದ್ದಿದ್ದರೂ ಸಾಕಿತ್ತು. ಮನೆಗೆ ಬರುವ ದಾರಿಯಲ್ಲಿ ಬಸ್ಸಿನಲ್ಲಿ ಅತ್ತೆ ನನ್ನ ಕೈ ಬಿಡಲೇ ಇಲ್ಲ. "ನೀನು ಕುಳ್ಳಿ ಕಣಮ್ಮ, ಇರೋದನ್ನ ಕಳ್ಕೊಬೇಡ" ಎಂದರು. ಇಬ್ಬರೂ ನಕ್ಕೆವು. ನನ್ನ ನಗು ನಡುವೆಯೇ ಅಳುವಾಯಿತು.

ಅಲ್ಲಿಂದಾಚೆ ಇಬ್ಬರಿಗೂ ಒಂದೇ ಪಥ್ಯ. ಬೆಳಿಗ್ಗೆ ತೋಟದ ದಾರಿಯಲ್ಲಿ ನಡಿಗೆ, ಎಳೆ ಬಿಸಿಲು, ರಾಗಿ ಅಂಬಲಿ, ಹಾಲು, ಮಾತ್ರೆ. ನಾನು ಕಚೇರಿಗೆ ಹೊತ್ತಾಯಿತೆಂದು ನಡಿಗೆ ತಪ್ಪಿಸಿದರೆ ಅವರು ಅಂಗಳದಲ್ಲಿ ಕೋಲು ಹಿಡಿದು ಕಾಯುತ್ತಿದ್ದರು. "ನೀನು ಬರದಿದ್ರೆ ನಾನೂ ಹೋಗಲ್ಲ" ಎನ್ನುವುದು ಅವರ ಅಸ್ತ್ರ. ಒಂದು ದಿನ ಮಗನನ್ನು ಕರೆದು, ಬೇರೆ ಯಾರೂ ಹೇಳದೆಯೇ, "ತಟ್ಟೆಗಳನ್ನ ಕೆಳಗಿಳಿಸೋ. ಹುಳುಗೇನು, ಸೊಪ್ಪು ಸಿಕ್ಕಿದ್ರೆ ಸಾಕು" ಎಂದರು.

ಮದುವೆಗೂ ಹೋದರು. ಬೆನ್ನಿಗೆ ಪಟ್ಟಿ ಕಟ್ಟಿಕೊಂಡು, ಕೈಯಲ್ಲಿ ಕೋಲು ಹಿಡಿದು ಛತ್ರದೊಳಗೆ ಕಾಲಿಟ್ಟರು. ಅವರ ನಾದಿನಿ ಎಲ್ಲರೆದುರು, "ಏನ್ ಉದ್ದಕ್ಕ, ಇಷ್ಟು ಗಿಡ್ಡಗಾಗೋಗಿದೀಯಾ!" ಎಂದರು. ಸುತ್ತಲಿದ್ದವರೆಲ್ಲ ತಿರುಗಿ ನೋಡಿದರು.

"ಏನ್ಮಾಡ್ಲಿ, ಈ ಕುಳ್ಳಿ ಜೊತೆ ಮಾತಾಡಕ್ಕೆ ಬಗ್ಗಿ ಬಗ್ಗಿ ಹಿಂಗಾದೆ" ಎಂದು ಅತ್ತೆ ನನ್ನ ಹೆಗಲ ಮೇಲೆ ಕೈ ಹಾಕಿದರು. ನಗು ಮುಗಿಯುವ ಮೊದಲೇ ನಾದಿನಿಯ ಬೆನ್ನು ಮುಟ್ಟಿ, "ನಿನ್ನದೂ ಶುರುವಾಗೈತೆ. ನನ್ನಂಗೆ ಎಣ್ಣೆ ಹಚ್ಕೊಂಡು ಕೂರ್ಬೇಡ, ಹೋಗಿ ತೋರಿಸ್ಕೋ" ಎಂದರು. ಊಟದ ಪಂಕ್ತಿಯಲ್ಲಿ ಕೂತವರಿಗೆಲ್ಲ ಅದೇ ಉಪದೇಶ. ಹುಡುಗಿಯ ಕಡೆಯವರು, ಹುಡುಗನ ಕಡೆಯವರು, ಯಾರನ್ನೂ ಬಿಡಲಿಲ್ಲ.

ಕಳೆದ ವರ್ಷ ಅವರಿಗೆ ಕಫ ಕಟ್ಟಿ ಜ್ವರ ಬಂತು, ಇಳಿಯಲಿಲ್ಲ. ಬಾಗಿದ ಬೆನ್ನಿನಿಂದ ಉಸಿರಾಟಕ್ಕೂ ಕಷ್ಟವಾಗಿತ್ತು. ಕೊನೆಯ ದಿನಗಳಲ್ಲಿ ನಾನು ಮಂಚದ ಪಕ್ಕ ಕೂತಿದ್ದರೆ ಸಣ್ಣ ದನಿಯಲ್ಲಿ, "ನಡಿಗೆ ಮುಗಿಸ್ಕೊಂಡು ಬಂದ್ಯಾ?" ಎಂದು ಕೇಳುತ್ತಿದ್ದರು. ಒಂದು ಮಧ್ಯಾಹ್ನ ಹಾಗೆ ಕೇಳಿ ಮಲಗಿದವರು ಮತ್ತೆ ಏಳಲಿಲ್ಲ.

ಈ ವರ್ಷದ ಪರೀಕ್ಷೆಗೆ ಚಿಕ್ಕಬಳ್ಳಾಪುರಕ್ಕೆ ಒಬ್ಬಳೇ ಹೋದೆ. ನರ್ಸ್ ನನ್ನನ್ನು ನಿಲ್ಲಿಸಿ ಎತ್ತರ ನೋಡಿದರು. ಡಾಕ್ಟರು ಹಳೆಯ ವರದಿ, ಹೊಸ ವರದಿ ಎರಡನ್ನೂ ನೋಡಿ, "ಸ್ವಲ್ಪಾನೂ ಇಳಿದಿಲ್ಲ. ಮೂಳೆಯೂ ಸುಧಾರಿಸಿದೆ" ಎಂದರು. ಆಮೇಲೆ ಬಾಗಿಲ ಕಡೆ ನೋಡಿ, "ಅತ್ತೆ ಬರಲಿಲ್ವಾ?" ಎಂದು ಕೇಳಿದರು. "ಕಳೆದ ವರ್ಷ ಹೋಗ್ಬಿಟ್ರು" ಎಂದೆ.

ಹೊರಗೆ ಬೆಂಚಿನ ಮೇಲೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ತನ್ನ ಸರದಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ಗಾಬರಿಯಾಗಿ ನನ್ನ ಭುಜ ಹಿಡಿದಳು.

"ಯಾಕಕ್ಕ, ಡಾಕ್ಟ್ರು ಏನಂದ್ರು?"

"ಏನೂ ಆಗಿಲ್ಲ ಅಂದ್ರು ಕಣಮ್ಮ" ಎಂದೆ.