ಮುಖ ಕಾಣದ ಮಾತು

ಗಾಂಧಿ ಚೌಕದ ಸೀರೆ ಅಂಗಡಿಯ ಮಕ್ತುಮಸಾಬರು ಏನನ್ನೂ ಬೆರಳಿನಿಂದ ಉಜ್ಜಿ ನೋಡದೆ ನಂಬಿದವರಲ್ಲ. ಸೀರೆಯ ಬಣ್ಣವನ್ನೂ ಅಷ್ಟೇ, ಸಂತೆಯ ಬದನೆಕಾಯಿಯನ್ನೂ ಅಷ್ಟೇ. ಹೆಂಡತಿ ತೀರಿಕೊಂಡ ಮೇಲೆ ಊಟ ಸೇರದೆ ಸೊರಗಿದಾಗ, ಡಾಕ್ಟರು ಫೋನಿನಲ್ಲೇ ಆಪ್ತಸಮಾಲೋಚನೆ ಮಾಡುವ ಧಾರವಾಡದ ಮೇಡಂ ಒಬ್ಬರ ನಂಬರು ಕೊಟ್ಟರು. ಫೋನು ಮಾಡದೆ, ಹದಿನೈದು ದಿನ ಅದನ್ನೂ ಅನುಮಾನದಲ್ಲೇ ಉಜ್ಜಿ ನೋಡಿದ್ದಾಯಿತು. "ಎದುರಿಗೆ ಕುಂದರ್ಲಾರ್ದ ಒಬ್ರ ಮನಸು ಇನ್ನೊಬ್ರಿಗೆ ಹೆಂಗ ತಿಳೀತದ್ರಿ? ನೆಟ್ ಹೋದ್ರ ನನ್ನ ದುಃಖ ಅರ್ಧಕ್ಕ ನಿಲ್ತದೇನ್ರಿ?" ಎಂದು ತಿಕೋಟಾದಿಂದ ಮದುವೆ ಜವಳಿಗೆ ಬಂದಿದ್ದವರನ್ನೂ ಕೇಳಿದರು. ಕಡೆಗೆ ಮಗಳು ತಬಸ್ಸುಮ, "ಅಬ್ಬಾಜಿ, ಒಂದ್ ಸಲ ಮಾತಾಡ್ರಿ, ಸೇರದಿದ್ರ ಬಿಡ್ರಿ" ಎಂದು ಅವರನ್ನು ಗೋದಾಮಿನಲ್ಲಿ ಕೂರಿಸಿ, ವಿಡಿಯೋ ಕಾಲ್ ಹಚ್ಚಿಕೊಟ್ಟು ಬಾಗಿಲೆಳೆದಳು. ಪರದೆಯ ಮೇಲಿನ ಮೇಡಂಗೆ ಅವರು ಇಳಕಲ್ ಸೆರಗಿನ ವಿಷಯವೆಲ್ಲ ಹೇಳಿದರು. ಹೆಂಡತಿಯ ಮಾತು ಮಾತ್ರ ಬಾಯಿಗೆ ಬರಲಿಲ್ಲ. "ಸಂಕೋಚ ಆದ್ರ ವಿಡಿಯೋ ಬಂದ್ ಮಾಡ್ರಿ, ಬರೇ ದನಿ ಸಾಕು" ಎಂದರು ಮೇಡಂ. ಬಂದ್ ಮಾಡಿದರು. "ನಿಮ್ಮ ಮನಿಯವರ ಹೆಸರೇನ್ರಿ?" ನಲವತ್ತು ವರ್ಷ 'ಏ, ಇಲ್ ಬಾ' ಎಂದೇ ಕರೆಯುತ್ತ ಬಂದಿದ್ದ ಮಕ್ತುಮಸಾಬರು, "ಜೈತುನಬಿ" ಎಂದರು. ಆಮೇಲೆ, ಯಾರೂ ಕೇಳದಿದ್ದರೂ, ಇನ್ನೊಮ್ಮೆ ಹೇಳಿದರು.