ಹೂಂ ಅನ್ನುವ ಕೆಲಸ

ನಮ್ಮ ಚಿಕ್ಕಪ್ಪ ಶಿಕ್ಷಕರ ತರಬೇತಿ ಕಾಲೇಜಿಗೆ ಸೇರಿದ್ದು ಕಸ ಗುಡಿಸುವುದಕ್ಕೆ. ನಿವೃತ್ತಿ ಹತ್ತಿರ ಬರುವ ಹೊತ್ತಿಗೆ ಅವನು ಊರಿನಲ್ಲೇ ಅತ್ಯಂತ ವಯಸ್ಸಾದ ಏಳನೇ ಕ್ಲಾಸಿನ ಹುಡುಗನಾಗಿದ್ದ.

ಆದದ್ದಿಷ್ಟು. ಮೇಷ್ಟ್ರಾಗಲು ಬಂದವರು ಪರೀಕ್ಷೆಗೆ ಒಂದು ಪಾಠ ಮಾಡಿ ತೋರಿಸಬೇಕು. ಪಾಠಕ್ಕೆ ಮಕ್ಕಳು ಬೇಕು. ಅಕ್ಕಪಕ್ಕದ ಶಾಲೆಯವರು, "ನಮ್ಮ ಮಕ್ಕಳೇನು ಬಿಟ್ಟಿ ಬಿದ್ದಿದ್ದಾರಾ?" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸಿದರು. ಆಗ ಪ್ರಿನ್ಸಿಪಾಲರ ಕಣ್ಣು ಪೊರಕೆ ಹಿಡಿದು ನಿಂತಿದ್ದ ಚಿಕ್ಕಪ್ಪನ ಮೇಲೆ ಬಿತ್ತು. ಅಂದಿನಿಂದ ಅವನೇ ಕ್ಲಾಸು. ಕೊನೆಯಲ್ಲಿ "ಅರ್ಥವಾಯ್ತಾ?" ಎಂದಾಗ ಅವನು ಹೂಂ ಅಂದರೆ ಪಾಸು, ಇಲ್ಲ ಅಂದರೆ ಫೇಲು.

ಚಿಕ್ಕಪ್ಪನದು ಮೊದಲೇ ಬೆಣ್ಣೆಯಂಥ ಮನಸ್ಸು. ಎದುರಿಗೆ ನಿಂತವರ ಕೈಯಲ್ಲಿ ಚಾಕ್‌ಪೀಸು ನಡುಗಿದರೆ ಸಾಕು, ಅರ್ಧ ಪಾಠಕ್ಕೇ ಹೂಂ ಅಂದುಬಿಡುತ್ತಿದ್ದ. ಅವನಿಗೆ ಭಿನ್ನರಾಶಿಯ ಭಾಗಾಕಾರ ಕಲಿಸಿ ಪಾಸಾದವರು ಎಷ್ಟೋ ಮಂದಿ. ಅವನಿಗೆ ಮಾತ್ರ ಅದರ ತಲೆಬುಡ ಗೊತ್ತಿರಲಿಲ್ಲ.

ಸ್ಟಾಫ್ ರೂಮಿನಲ್ಲಿ ಇಬ್ಬರು ಅಧ್ಯಾಪಕರಿದ್ದರು, ಹಾವು ಮುಂಗುಸಿ. ಬೋಳುತಲೆಯವರು "ತರಬೇತಿ ಬಿಗಿಯಾಗಬೇಕು" ಎಂದರೆ, ಕನ್ನಡಕದವರು "ಶಾಲೆಗಳಲ್ಲಿ ಕುರ್ಚಿ ಖಾಲಿ ಬಿದ್ದಿವೆ, ಸಿಕ್ಕವರನ್ನು ಕಳಿಸೋಣ" ಎನ್ನುವರು. ವಾದ ಬಗೆಹರಿಯದೆ ಇಬ್ಬರೂ ಚಿಕ್ಕಪ್ಪನ ಬೆನ್ನು ಹತ್ತುತ್ತಿದ್ದರು. "ಇನ್ನೂ ಸ್ವಲ್ಪ ದಡ್ಡನಾಗಯ್ಯಾ" ಎಂದು ಒಬ್ಬರು, "ಇಷ್ಟು ದಡ್ಡತನ ಧಾರಾಳವಾಯ್ತು" ಎಂದು ಇನ್ನೊಬ್ಬರು. ಓದಿದವರ ಈ ಜಗಳವೆಲ್ಲ ಒಬ್ಬ ಜವಾನ ಕತ್ತು ಆಡಿಸುವುದರ ಮೇಲೆ ನಿಂತಿತ್ತಲ್ಲ, ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ, ನಗುವೂ ಬರುತ್ತದೆ.

ಒಂದು ವರ್ಷ ಪರೀಕ್ಷೆಗೆ ಎಲ್ಲರಿಗಿಂತ ಮೊದಲು ನಿಂತವಳು ಅವನ ಒಬ್ಬಳೇ ಮಗಳು. ಚಿಕ್ಕಂದಿನಲ್ಲಿ ಗೋಡೆಗೆ, ಬೆಕ್ಕಿಗೆ, ಯಾರೂ ಸಿಗದಿದ್ದರೆ ನನಗೆ ಪಾಠ ಮಾಡಿ ಕಿವಿ ಹಿಂಡಿದವಳು. ಟೀಚರ್ ಆಗುವುದು ಬಿಟ್ಟು ಬೇರೆ ಯಾವ ಆಸೆಯೂ ಅವಳಿಗೆ ಇರಲಿಲ್ಲ. ಹಿಂದಿನ ದಿನ ಅಪ್ಪನ ಎದುರು ಕೂತಳು.

"ಅಪ್ಪಾ, ನಾಳೆ ಸುಮ್ಸುಮ್ನೆ ಹೂಂ ಅಂದ್ರೆ ನಿನ್ನ ಹತ್ರ ಮಾತೇ ಆಡಲ್ಲ."

"ಅವಳು ಹಂಗೇ ಅಂತಾಳೆ. ನೀವು ಬಾಯಿ ಮುಚ್ಕೊಂಡು ಹೂಂ ಅನ್ರಿ!" ಎಂದು ಚಿಕ್ಕಮ್ಮ ಅಡುಗೆಮನೆಯಿಂದ ಕೂಗಿದಳು.

ಮರುದಿನ ಮಗಳ ಪಾಲಿಗೆ ಬಂದದ್ದು ಅದೇ ಭಿನ್ನರಾಶಿ. ಅರ್ಧವನ್ನು ಕಾಲಿನಿಂದ ಭಾಗಿಸಿದರೆ ಎರಡು ಎಂದು ಬೋರ್ಡಿನ ಮೇಲೆ ಬರೆದು ಕೇಳಿದಳು, "ಅರ್ಥವಾಯ್ತಾ?" ಚಿಕ್ಕಪ್ಪ ಎದ್ದು ನಿಂತ.

"ಇಲ್ಲ ಟೀಚರ್. ಭಾಗ ಮಾಡಿದ್ರೆ ಕಮ್ಮಿ ಆಗ್ಬೇಕಲ್ವಾ? ಜಾಸ್ತಿ ಹೆಂಗಾಯ್ತು?"

ಆ ಕೋಣೆಯಲ್ಲಿ ಅದುವರೆಗೆ ಯಾರೂ ಪ್ರಶ್ನೆ ಕೇಳಿರಲಿಲ್ಲ. ಅವಳು ಚಿತ್ರ ಬರೆದಳು, ಕಾಗದ ಮಡಿಸಿ ತೋರಿಸಿದಳು. ಅವನು ಪಾಪ, ಇಲ್ಲವೆಂದು ತಲೆ ಅಲ್ಲಾಡಿಸುತ್ತಲೇ ಇದ್ದ. ಗಂಟೆ ಹೊಡೆಯಿತು. ಅಧ್ಯಾಪಕರಿಬ್ಬರೂ ಫೇಲ್ ಎಂದು ಬರೆದು ಊಟಕ್ಕೆ ಎದ್ದರು.

ಅವಳು ಅತ್ತ ತಿರುಗಿಯೂ ನೋಡದೆ ಅಪ್ಪನ ಕೈಗೆ ಪೊರಕೆ ಕೊಟ್ಟು ಕಾರಿಡಾರಿಗೆ ಎಳೆದುಕೊಂಡು ಹೋದಳು.

"ಅರ್ಧ ಕಾರಿಡಾರ್ ಗುಡಿಸ್ಬೇಕು. ಒಂದು ಸಲಕ್ಕೆ ಕಾಲು ಕಾರಿಡಾರ್ ಗುಡಿಸ್ತೀಯ. ಎಷ್ಟು ಸಲ?"

ಚಿಕ್ಕಪ್ಪ ಗುಡಿಸಿದ. ನಿಂತ. ಮತ್ತೆ ಗುಡಿಸಿದ. ಅವನ ಮುಖ ಅರಳಿತು.

"ಎರಡು ಸಲ! ಅರ್ಧದೊಳಗೆ ಕಾಲು ಎರಡು ಸಲ ಇದೆ ಕಣೇ!"

ಪೊರಕೆ ಸಮೇತ ಎದ್ದುಬಿದ್ದು ಊಟದ ಕೋಣೆಗೆ ಓಡಿದ. ಪ್ರಿನ್ಸಿಪಾಲರೂ ಇಬ್ಬರು ಅಧ್ಯಾಪಕರೂ ಡಬ್ಬಿ ಬಿಚ್ಚಿ ಕೂತಿದ್ದರು. "ಅರ್ಥವಾಯ್ತು ಸಾರ್!"

ಬೋಳುತಲೆಯವರು ತುತ್ತು ನುಂಗಿದರು. "ಅರ್ಥವಾಗೋ ಸಮಯ ಮುಗಿದಿದೆ." ಕನ್ನಡಕದವರೂ ಹೌದೆಂದರು. ಅವರಿಬ್ಬರೂ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು.

ಆಮೇಲೆ ಬಂದವರೆಲ್ಲ ಎಂದಿನಂತೆ ಪಾಠ ಒಪ್ಪಿಸಿ "ಅರ್ಥವಾಯ್ತಾ?" ಎಂದರು. ಚಿಕ್ಕಪ್ಪ ಹಟಕ್ಕೆ ಬಿದ್ದಿರಲಿಲ್ಲ. ಅರ್ಥವಾಗುವುದು ಹೇಗಿರುತ್ತದೆ ಎಂದು ಒಮ್ಮೆ ಗೊತ್ತಾದ ಮೇಲೆ ಸುಳ್ಳು ಹೂಂ ಅವನ ಗಂಟಲಿನಿಂದ ಹೊರಡಲೇ ಇಲ್ಲ, ಅಷ್ಟೆ. ಆ ವರ್ಷದ ತಂಡಕ್ಕೆ ತಂಡವೇ ಫೇಲಾಯಿತು. ಮೇಷ್ಟ್ರಿಲ್ಲದ ಶಾಲೆಗಳಿಂದ ಫೋನಿನ ಮೇಲೆ ಫೋನು.

ಕಡೆಗೆ ಪ್ರಿನ್ಸಿಪಾಲರೇ ಬಂದು ಕ್ಲಾಸಿನ ಗಿಡ್ಡ ಬೆಂಚಿನಲ್ಲಿ ಮೊಣಕಾಲು ಮಡಿಸಿ, ಚಿಕ್ಕಪ್ಪನ ಪಕ್ಕ ಕೂತು ಅವನ ಕೈ ಹಿಡಿದುಕೊಂಡರು.

"ಶಾಲೆಗಳಲ್ಲಿ ಮೇಷ್ಟ್ರೇ ಇಲ್ಲ ಕಣಯ್ಯಾ. ದಮ್ಮಯ್ಯ, ಒಬ್ಬರಿಗಾದ್ರೂ ಹೂಂ ಅನ್ನು."

"ಒಬ್ಬಳಿಗೆ ಅಂದೆನಲ್ಲಾ ಸಾರ್," ಎಂದ ಚಿಕ್ಕಪ್ಪ. "ನೀವು ಊಟ ಮಾಡ್ತಿದ್ರಿ."