ಹೊಸ್ತಿಲ ಮೇಲಿಡದ ಕುರ್ಚಿ

ನನಗೊಂದು ಚಟವಿದೆ. ಯಾವ ವಸ್ತು ಕೊಂಡರೂ ಅದರ ಜೊತೆ ಬರುವ ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ. ಮಿಕ್ಸಿಯದನ್ನೂ ಬಿಟ್ಟಿಲ್ಲ. ಯಾರಿಗೂ ಹೇಳಿಕೊಂಡಿರಲಿಲ್ಲ, ನಗುತ್ತಾರೆ.

ಕಾಲೇಜಿನಲ್ಲಿ ಪಾಠ ಮಾಡುವ ನನಗೆ ಹೋದ ತಿಂಗಳು ವರ್ಗವಾಗಿ, ನಾನೂ ಅಮ್ಮನೂ ನಂಜನಗೂಡಿನಿಂದ ತಿ. ನರಸೀಪುರಕ್ಕೆ ಮನೆ ಬದಲಾಯಿಸಿದೆವು. ನನಗಿದ್ದ ಚಿಂತೆ ಒಂದೇ, ಅಮ್ಮನ ರಿಕ್ಲೈನರ್ ಕುರ್ಚಿ. ಮಂಡಿ ಆಪರೇಷನ್ ಆದಾಗಿನಿಂದ ಅದರಲ್ಲಿ ಒರಗಿ ಕಾಲು ಚಾಚಿದರೆ ಮಾತ್ರ ಅಮ್ಮನಿಗೆ ನಿದ್ದೆ. ಅದು ಕೆಟ್ಟರೆ ನಿದ್ದೆಯೂ ಕೆಟ್ಟಂತೆ.

ಸಾಮಾನು ಹೊರಲು ಬಂದ ಮಾದೇವಣ್ಣನಿಗೆ ಕಬ್ಬಿನ ಲೋಡು ಕಟ್ಟಿ ಅಭ್ಯಾಸ. ಎದುರಿಗೆ ಏನಿದ್ದರೂ ಮೊಣಕಾಲು ಕೊಟ್ಟು ಹಗ್ಗ ಬಿಗಿಯುವ ಕೈ ಅದು. ಹಾಗಾಗಿ ನಾನು ಮೊದಲೇ ಅಮ್ಮನ ಹಳೆಯ ನೂಲಿನ ಸೀರೆಯನ್ನು ಕುರ್ಚಿಗೆ ಸುತ್ತಿ ಗಂಟು ಹಾಕಿಟ್ಟಿದ್ದೆ.

"ಲೇ ಕುಮಾರ, ಕುರ್ಚಿಗೂ ಸೀರೆ ಉಡ್ಸವ್ರೆ ಕಣ್ಲಾ!" ಎಂದ ಜೊತೆಯವನಿಗೆ.

"ಮೆತ್ತಗ್ ಇಡ್ಕೊ ಕಣಣ್ಣ. ಎಣ್ಣಿನ್ ಕಡೇರು ಇಲ್ಲೇ ನಿಂತವ್ರೆ," ಎಂದ ಕುಮಾರ ನನ್ನತ್ತ ನೋಡಿ.

ನಾನು "ಹಗ್ಗ ಬೇಡ" ಎಂದಷ್ಟೇ ಹೇಳಿದೆ.

ಹೊಸ ಮನೆಗೆ ನಾವು ಮುಂದಾಗಿ ತಲುಪಿದೆವು. ಅಮ್ಮ ನಿಂತು ಹೇಳಿದಂತೆ ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟೆ. ಹಿಂದೆಯೇ ಕುರ್ಚಿ ಬಂತು, ಬಾಗಿಲಲ್ಲಿ ನಿಂತಿತು. ನಾಲ್ಕು ಬೆರಳು ಅಗಲ ಹೆಚ್ಚು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ನಾನು ಬಾಗಿಲನ್ನು ಚೌಕಟ್ಟಿನ ಹೊರಗಿನಿಂದ ಅಳೆದಿದ್ದೆ.

"ಒಸಿ ಒಸ್ತಿಲ್ ಮ್ಯಾಲ್ ಇಳುಕ್ಲಾ, ಕೈ ಸೋಲ್ತು," ಎಂದ ಮಾದೇವಣ್ಣ ಕುಮಾರನಿಗೆ.

"ಅಯ್ಯೋ, ಹೊಸ್ತಿಲ ಮೇಲೆ ಇಡ್ಬೇಡಪ್ಪ!" ಎಂದರು ಅಮ್ಮ.

"ಒಳೀಕ್ ಓಗಕಿಲ್ಲ, ಇಲ್ಲಿ ಇಡಂಗಿಲ್ಲ. ಒತ್ಕೊಂಡೇ ಸಂಸಾರ ಮಾಡ್ಲಾ ಅವ್ವಾ?" ಎಂದ ಮಾದೇವಣ್ಣ, ಕುರ್ಚಿಗೆ ಭುಜ ಕೊಟ್ಟ. "ಕುಮಾರ, ಜೋರಾಗ್ ನೂಕು, ನುಗ್ತದೆ."

ಕೊನೆಯ ಬೆಂಚಿಗೆ ನನ್ನ ದನಿ ಕೇಳಿಸುವುದಿಲ್ಲವೆಂದು ಕಾಲೇಜಿನಲ್ಲಿ ಮಕ್ಕಳ ದೂರು ಇದೆ. ಅಂದು ಬೀದಿಯ ಕೊನೆಗೂ ಕೇಳಿಸಿರಬೇಕು: "ನಿಲ್ಲಿಸಿ! ತಪ್ಪು ನನ್ನದು. ಅಂಗಳಕ್ಕೆ ಇಳಿಸಿ."

ಇಳಿಸಿದರು. ಸೀರೆ ಬಿಚ್ಚಿ, ಕುರ್ಚಿಯ ಬೆನ್ನಿನ ಬಟ್ಟೆ ಎತ್ತಿ, ಕೈಪಿಡಿಯಲ್ಲಿ ಕಂಡಿದ್ದ ಎರಡು ಕಬ್ಬಿಣದ ಹಿಡಿಗಳನ್ನು ಸ್ಕ್ರೂಡ್ರೈವರಿನಿಂದ ಮೀಟಿದೆ. ಒರಗುವ ಭಾಗ ಹೂವು ಬಿಡಿಸಿದಂತೆ ಕೈಗೆ ಬಂತು.

ಮೈಸೂರಿನ ಸಿಂಹಾಸನವನ್ನೂ ದಸರೆಗೆ ಮುಂಚೆ ಬಿಡಿಭಾಗಗಳಲ್ಲೇ ತಂದು ಜೋಡಿಸುತ್ತಾರೆ ಎಂದು ಗಂಭೀರವಾಗಿ ಹೇಳಿದೆ.

ಮಾದೇವಣ್ಣ ಸೊಂಟ ಹಿಡಿದುಕೊಂಡ. "ಅಲ್ಲ ಮೇಡಮ್ಮೋರೆ, ಇದ್ನ ನಂಜನಗೂಡಲ್ಲೇ ಯೋಳ್‌ಬಾರ್ದಾಗಿತ್ತಾ?"

ಗುಟ್ಟಾಗಿ ಓದಿಕೊಂಡದ್ದರ ಭಾರವನ್ನು ಪಾಪ, ಅವನು ಹೊತ್ತಿದ್ದ.

ಸೀಟನ್ನು ಪಕ್ಕಕ್ಕೆ ವಾಲಿಸಿ, ಎರಡು ಭಾಗವಾಗಿ ಹೊಸ್ತಿಲು ದಾಟಿಸಿದ ಕುರ್ಚಿಯನ್ನು ಒಳಗೆ ಮತ್ತೆ ಜೋಡಿಸಿದೆ. ಅಮ್ಮ ಕೂತು ಹಿಡಿ ಎಳೆದರು. ಕಾಲು ಮೇಲೆದ್ದಿತು. ಅವರ ಕಣ್ಣು ತಾನಾಗಿ ಮುಚ್ಚಿತು.

ನಾನು ಹೊಸ ಮನೆಯ ಶಾಸ್ತ್ರಕ್ಕೆ ಹಾಲು ಉಕ್ಕಿಸಲು ಅಡುಗೆಮನೆಗೆ ಹೋದೆ. ನಡುಮನೆಯಿಂದ ಅಮ್ಮನ ಫೋನು ಕೇಳಿಸಿತು, ಹುಲ್ಲಹಳ್ಳಿಯ ದೊಡ್ಡಮ್ಮನಿಗೆ. ನನ್ನೆದುರು ಎಂದೂ ಹೊಗಳದ ಅಮ್ಮ ಹೇಳುತ್ತಿದ್ದರು: "ಒಂದ್ ಗೀರಿಲ್ಲ ಕಣಕ್ಕ! ನನ್ ಮಗ್ಳೇ ಬಿಚ್ಚಿ ಜೋಡ್ಸಿದ್ಲು. ಗಂಡಸ್ರೆಲ್ಲ ಬಾಯ್ ಬಿಟ್ಕೊಂಡ್ ನೋಡ್ತಿದ್ರು."

ಗಂಡಸರೆಲ್ಲ ಎಂದರೆ ಇಬ್ಬರು. ತಿದ್ದಲು ಹೋಗಲಿಲ್ಲ.

ಶಾಸ್ತ್ರಕ್ಕೆ ಹಾಲು ಒಂದಿಷ್ಟು ಉಕ್ಕಿದರೆ ಸಾಕು. ನಮ್ಮ ಮನೆಯಲ್ಲಿ ಅರ್ಧ ಪಾತ್ರೆ ಉಕ್ಕಿತು. ಒಲೆ ಒರೆಸುವಾಗಲೂ ನಾನು ನಗುತ್ತಲೇ ಇದ್ದೆ.